ಮತ್ತೆ ಕೂಡಿದ ಸಹಪಾಠಿಗಳು: ಒಂದು ಬಗೆಯ ನಗೆಚಿತ್ರದ ಚರಿತ್ರೆ

ಕಾಲೇಜು ಬಿಟ್ಟು ಹತ್ತು ಹದಿನೈದು ವರ್ಷಗಳಾದ ಮೇಲೆ ಹಳೆಯ ಸಹಪಾಠಿಗಳು ಒಂದೆಡೆ ಸೇರುತ್ತಾರೆ. ಒಬ್ಬನ ತಲೆ ಬೋಳಾಗಿದೆ, ಒಬ್ಬನಿಗೆ ಹೊಟ್ಟೆ ಬಂದಿದೆ. ಒಬ್ಬನು ಹಣ ಮಾಡಿದ್ದಾನೆ, ಇನ್ನೊಬ್ಬನು ಇದ್ದುದನ್ನೂ ಕಳೆದುಕೊಂಡಿದ್ದಾನೆ. ಎರಡು ದಿನ ಉಣ್ಣುತ್ತಾರೆ, ನಗುತ್ತಾರೆ, ಹಳೆಯ ಜಗಳಗಳನ್ನು ಕೆದಕುತ್ತಾರೆ, ಮತ್ತೆ ಚದರಿ ಹೋಗುತ್ತಾರೆ. ಕಥೆಯೆಂದರೆ ಇಷ್ಟೇ. ಈ ಇಷ್ಟನ್ನೇ ಬಂಡವಾಳ ಮಾಡಿಕೊಂಡು ಅಮೆರಿಕದಲ್ಲಿ, ಇಂಗ್ಲೆಂಡಿನಲ್ಲಿ, ನಮ್ಮ ದೇಶದಲ್ಲಿ ಕಳೆದ ನಾಲ್ಕು ದಶಕಗಳಲ್ಲಿ ಹಲವಾರು ಚಿತ್ರಗಳು ಬಂದಿವೆ. ಕೆಲವು ಅಪಾರ ಹಣವನ್ನೂ ತಂದಿವೆ.

ಇವುಗಳನ್ನು ಬಿಡಿಬಿಡಿಯಾಗಿ ನೋಡಿದರೆ ನಕ್ಕು ಮರೆಯಬಹುದಾದ ಚಿತ್ರಗಳೆನಿಸುತ್ತವೆ. ಆದರೆ ಬಂದ ವರ್ಷಗಳ ಕ್ರಮದಲ್ಲಿಟ್ಟು ನೋಡಿದಾಗ ಒಂದು ಸಂಗತಿ ಎದ್ದು ಕಾಣುತ್ತದೆ. ನಗೆಚಿತ್ರಗಳೆಂದು ಹೆಸರಾದ ಇವುಗಳಲ್ಲಿ ಹೆಚ್ಚುಕಡಿಮೆ ಎಲ್ಲದರ ನಡುವೆಯೂ ಒಂದು ಸಾವಿದೆ, ಇಲ್ಲವೇ ಸಾವಿನ ಅಂಚಿಗೆ ಬಂದು ನಿಂತ ಒಂದು ಜೀವವಿದೆ. ಯಾರು ಸತ್ತರು, ಏಕೆ ಸತ್ತರು ಎಂಬುದು ಮಾತ್ರ ದೇಶದಿಂದ ದೇಶಕ್ಕೆ, ಕಾಲದಿಂದ ಕಾಲಕ್ಕೆ ಬದಲಾಗುತ್ತದೆ. ಆ ಬದಲಾವಣೆಯಲ್ಲೇ ಚರಿತ್ರೆ ಅಡಗಿದೆ ಎಂಬುದು ನಮ್ಮ ಅಭಿಪ್ರಾಯ.

ಮೊದಲು ಅಮೆರಿಕ. ಅಲ್ಲಿಯ ವಿಶ್ವವಿದ್ಯಾಲಯಗಳಲ್ಲಿ ಹಳೆಯ ವಿದ್ಯಾರ್ಥಿಗಳು ತಾವು ಪದವಿ ಪಡೆದ ಇಸವಿಯನ್ನೇ ಕುಲಗೋತ್ರದಂತೆ ಹೇಳಿಕೊಳ್ಳುವ ಪದ್ಧತಿ ಬಹಳ ಹಿಂದಿನದು. ಶರತ್ಕಾಲದಲ್ಲಿ ಫುಟ್‌ಬಾಲ್ ಪಂದ್ಯದ ನೆಪದಲ್ಲಿ ಎಲ್ಲರೂ ತಮ್ಮ ಕಾಲೇಜಿಗೆ ಮರಳಿ ಬರುವುದೂ ಹಳೆಯ ವಾಡಿಕೆಯೇ. ಆದರೂ ಮರುಭೇಟಿಯ ಕಥೆ 1980ರ ಸುಮಾರಿಗೆ ಬೆಳ್ಳಿತೆರೆಯ ಮೇಲೆ ತನ್ನದೇ ಒಂದು ಬಗೆಯಾಗಿ ನಿಂತುದಕ್ಕೆ ಕಾರಣವಿದೆ. ಎರಡನೆಯ ಮಹಾಯುದ್ಧದ ನಂತರ ಹುಟ್ಟಿದ ಮಕ್ಕಳು ಕಾಲೇಜಿನ ಬಾಗಿಲಿಗೆ ಬಂದದ್ದು 1960ರ ದಶಕದಲ್ಲಿ. ಆ ದಶಕದ ಆರಂಭದಲ್ಲಿ ಮೂವತ್ತಾರು ಲಕ್ಷದಷ್ಟಿದ್ದ ಕಾಲೇಜು ವಿದ್ಯಾರ್ಥಿಗಳ ಸಂಖ್ಯೆ ಅದರ ಕೊನೆಯ ಹೊತ್ತಿಗೆ ಎಂಬತ್ತು ಲಕ್ಷದ ಹತ್ತಿರ ಬಂದಿತ್ತು. ಅದೇ ಕಾಲದಲ್ಲಿ ವಿಯೆಟ್ನಾಮ್ ಯುದ್ಧ ನಡೆಯುತ್ತಿತ್ತು. ಹುಡುಗರನ್ನು ಕಡ್ಡಾಯವಾಗಿ ಸೈನ್ಯಕ್ಕೆ ಸೇರಿಸಿಕೊಳ್ಳಲಾಗುತ್ತಿತ್ತು. ಆದ್ದರಿಂದ ಅಲ್ಲಿ ಕಾಲೇಜಿನ ಗೆಳೆತನವೆಂದರೆ ಕೇವಲ ಒಂದೇ ಬೆಂಚಿನ ಮೇಲೆ ಕುಳಿತದ್ದಲ್ಲ. ಒಟ್ಟಿಗೆ ಮೆರವಣಿಗೆ ಹೋದದ್ದು, ಒಟ್ಟಿಗೆ ಪೊಲೀಸರ ವ್ಯಾನು ಹತ್ತಿದ್ದು. 1973ರಲ್ಲಿ ಕಡ್ಡಾಯ ಸೈನ್ಯಸೇವೆ ನಿಂತಿತು, 1975ರಲ್ಲಿ ಯುದ್ಧವೂ ಮುಗಿಯಿತು. ಜಗತ್ತನ್ನು ಬದಲಾಯಿಸಲು ಹೊರಟಿದ್ದ ಹುಡುಗ ಹುಡುಗಿಯರು ಮೂವತ್ತು ಮುಟ್ಟಿ, ಮನೆಯ ಸಾಲದ ಕಂತು ಕಟ್ಟತೊಡಗಿದರು. ನಗುವುದಕ್ಕೂ ಅಳುವುದಕ್ಕೂ ಇದಕ್ಕಿಂತ ಒಳ್ಳೆಯ ವಸ್ತು ಬೇಕೇ?

ಈ ವಸ್ತುವಿಗೆ ಮೊದಲು ಕೈಹಾಕಿದವರು ಜಾನ್ ಸೇಲ್ಸ್. ಮಾಂಸ ಕಿತ್ತು ತಿನ್ನುವ ಮೀನುಗಳ ಕಥೆಯುಳ್ಳ 'ಪಿರಾನ್ಹಾ' (1978) ಮುಂತಾದ ಅಗ್ಗದ ಚಿತ್ರಗಳಿಗೆ ಚಿತ್ರಕಥೆ ಬರೆದು ಕೂಡಿಟ್ಟ ಹಣದಿಂದ ಅವರು 'ರಿಟರ್ನ್ ಆಫ್ ದಿ ಸೀಕಾಕಸ್ ಸೆವೆನ್' ಎಂಬ ತಮ್ಮ ಮೊದಲ ಚಿತ್ರವನ್ನು ಮಾಡಿದರು. ಒಟ್ಟು ಖರ್ಚು ಸುಮಾರು 60,000 ಡಾಲರು. ಹಾಲಿವುಡ್ಡಿನ ಲೆಕ್ಕದಲ್ಲಿ ಇದು ಚಹಾ ತಿಂಡಿಯ ಬಾಬತ್ತು! ನ್ಯೂ ಹ್ಯಾಂಪ್‌ಶೈರಿನ ಒಂದು ಬೆಟ್ಟದೂರು, ಜೊತೆಯಲ್ಲಿ ನಾಟಕವಾಡಿದ್ದ ಮೂವತ್ತರ ಆಸುಪಾಸಿನ ಗೆಳೆಯರು, ಅವರೆಲ್ಲ ಉಳಿದುಕೊಂಡ ವಸತಿಗೃಹವೇ ಚಿತ್ರೀಕರಣದ ಸ್ಥಳ. ಮನೆಯಲ್ಲಿದ್ದ ಸಾಮಾನನ್ನು ನೋಡಿಕೊಂಡು ಅಡಿಗೆ ಮಾಡುವ ಗೃಹಿಣಿಯಂತೆ ಸೇಲ್ಸ್ ಕೈಯಲ್ಲಿದ್ದ ಜನರನ್ನೂ ಜಾಗವನ್ನೂ ನೋಡಿಕೊಂಡು ಕಥೆ ಬರೆದರು.

ಚಿತ್ರದ ಹೆಸರೇ ಒಂದು ವಿನೋದ. 1968ರಲ್ಲಿ ಷಿಕಾಗೋ ನಗರದಲ್ಲಿ ನಡೆದ ಗಲಭೆಗಾಗಿ ವಿಚಾರಣೆಗೊಳಗಾಗಿ ದೇಶವಿಖ್ಯಾತರಾದ ಏಳು ಜನರನ್ನು 'ಷಿಕಾಗೋ ಸೆವೆನ್' ಎಂದು ಕರೆಯುತ್ತಿದ್ದರು. ಈ ಚಿತ್ರದ ಏಳು ಮಂದಿಯಾದರೋ ವಾಷಿಂಗ್ಟನ್ನಿನ ಪ್ರತಿಭಟನೆಗೆ ಹೊರಟು, ದಾರಿಯಲ್ಲಿ ನ್ಯೂ ಜೆರ್ಸಿಯ ಸೀಕಾಕಸ್ ಎಂಬ ಊರಿನಲ್ಲೇ ಸಿಕ್ಕಿಬಿದ್ದವರು! ಪ್ರತಿಭಟನೆಗೆ ತಲುಪಲೇ ಇಲ್ಲ. ವರ್ಷಗಳ ನಂತರ ಒಂದು ವಾರಾಂತ್ಯಕ್ಕೆ ಸೇರಿದಾಗ ಅವರಲ್ಲಿ ಆತಿಥ್ಯ ವಹಿಸಿದ ಜೋಡಿ ಶಾಲಾ ಉಪಾಧ್ಯಾಯರು; ಉಳಿದವರದೂ ಸಣ್ಣಪುಟ್ಟ ಜೀವನಗಳೇ. ರಾತ್ರಿ ರಸ್ತೆಯಲ್ಲಿ ಬಿದ್ದಿದ್ದ ಒಂದು ಸತ್ತ ಜಿಂಕೆಯಿಂದಾಗಿ ಪೊಲೀಸರು ಅವರನ್ನು ಮತ್ತೊಮ್ಮೆ ಹಿಡಿದು ಕೂಡಿಹಾಕುತ್ತಾರೆ. ಯೌವನದಲ್ಲಿ ಯುದ್ಧದ ವಿರುದ್ಧ, ಈಗ ಜಿಂಕೆಯ ಸಲುವಾಗಿ. 1980ರಲ್ಲಿ ಬಿಡುಗಡೆಯಾದ ಈ ಪುಟ್ಟ ಚಿತ್ರವನ್ನು 1997ರಲ್ಲಿ ಅಮೆರಿಕದ ರಾಷ್ಟ್ರೀಯ ಚಲನಚಿತ್ರ ದಾಖಲೆಗೆ ಸೇರಿಸಿಕೊಳ್ಳಲಾಯಿತು. ಇಡೀ ಪರಂಪರೆಯಲ್ಲಿ ಮನುಷ್ಯರಾರೂ ಸಾಯದೆ ಜಿಂಕೆಯೊಂದು ಮಾತ್ರ ಸತ್ತ ಚಿತ್ರ ಬಹುಶಃ ಇದೊಂದೇ.

ಮೂರು ವರ್ಷಗಳ ನಂತರ ಬಂದ 'ದಿ ಬಿಗ್ ಚಿಲ್' (1983) ಈ ಬಗೆಯನ್ನು ಲೋಕಪ್ರಸಿದ್ಧ ಮಾಡಿತು. ನಿರ್ದೇಶಕ ಲಾರೆನ್ಸ್ ಕ್ಯಾಸ್ಡನ್ ಅದಕ್ಕೆ ಮುಂಚೆ 'ರೈಡರ್ಸ್ ಆಫ್ ದಿ ಲಾಸ್ಟ್ ಆರ್ಕ್' ಎಂಬ ಸಾಹಸ ಚಿತ್ರಕ್ಕೆ ಚಿತ್ರಕಥೆ ಬರೆದು ಹೆಸರು ಮಾಡಿದ್ದರು. ಆದರೂ ಹೊಡೆದಾಟವಿಲ್ಲದ, ನಾಯಕನಿಲ್ಲದ, ಏಳೆಂಟು ಜನ ಮನೆಯೊಳಗೆ ಕುಳಿತು ಮಾತಾಡುವ ಈ ಕಥೆಯನ್ನು ಹಲವು ಸ್ಟುಡಿಯೋಗಳು ಬೇಡವೆಂದವು. ಕೊನೆಗೆ ಕೈಹಿಡಿದದ್ದು ದೂರದರ್ಶನದ ಪ್ರಸಿದ್ಧ ವಿನೋದಗಾರ ಜಾನಿ ಕಾರ್ಸನ್ನರ ಸಂಸ್ಥೆ.

ಕಥೆ ಶವಸಂಸ್ಕಾರದಿಂದ ಪ್ರಾರಂಭವಾಗುತ್ತದೆ. ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ಒಟ್ಟಿಗೆ ಓದಿದ ಗುಂಪಿನ ಅಲೆಕ್ಸ್ ಎಂಬವನು ಆತ್ಮಹತ್ಯೆ ಮಾಡಿಕೊಂಡಿದ್ದಾನೆ. ಅವನು ಭೌತಶಾಸ್ತ್ರದಲ್ಲಿ ಪ್ರತಿಭಾಶಾಲಿ. ವಿಜ್ಞಾನಕ್ಕೆ ಬೆನ್ನು ತಿರುಗಿಸಿ ಒಂದರ ಮೇಲೊಂದು ಚಿಲ್ಲರೆ ಕೆಲಸಗಳನ್ನು ಹಿಡಿಯುತ್ತ ಬಿಡುತ್ತ ಹೋದವನು. ಬಿ.ಎಸ್ಸಿ. ಮುಗಿಸಿ, ಭೌತಶಾಸ್ತ್ರದ ಪುಸ್ತಕಗಳನ್ನು ಅಟ್ಟಕ್ಕೆ ಹಾಕಿ, ಕಡತಗಳಿಗೆ ಟಿಪ್ಪಣಿ ಬರೆಯುತ್ತ ಕುಳಿತ ನಮ್ಮಂಥ ಗುಮಾಸ್ತರಿಗೆ ಪಾದ್ರಿಯ ಬಾಯಿಂದ ಬರುವ ಆ ಒಂದು ಮಾತು ಬಂದೆಡೆ ಚಿತ್ರದ ನಗೆ ಸ್ವಲ್ಪ ಹೊತ್ತು ನಿಂತುಹೋಗುತ್ತದೆ. ಅಲೆಕ್ಸನ ಗೆಳೆಯರೆಲ್ಲ ಲೌಕಿಕದಲ್ಲಿ ಚೆನ್ನಾಗಿಯೇ ಇದ್ದಾರೆ. ಒಬ್ಬನದು ಓಟದ ಬೂಟುಗಳ ಅಂಗಡಿಗಳ ಸಾಲು, ಅವನ ಹೆಂಡತಿ ವೈದ್ಯೆ. ಒಬ್ಬ ದೂರದರ್ಶನ ಧಾರಾವಾಹಿಯ ನಾಯಕ. ಒಬ್ಬ ಜನಪ್ರಿಯ ಪತ್ರಿಕೆಯ ವರದಿಗಾರ. ಬಡವರ ಪರವಾಗಿ ವಾದಿಸಲು ವಕೀಲೆಯಾದವಳು ಈಗ ದೊಡ್ಡ ಕಂಪನಿಗಳ ಜಮೀನು ವ್ಯವಹಾರ ನೋಡುತ್ತಾಳೆ. ವಿಯೆಟ್ನಾಮಿನಲ್ಲಿ ಗಾಯಗೊಂಡು ಬಂದವನೊಬ್ಬ ಮಾತ್ರ ಮಾದಕವಸ್ತು ಮಾರುತ್ತ ದಿಕ್ಕೆಟ್ಟು ತಿರುಗುತ್ತಿದ್ದಾನೆ. ಸಂಸ್ಕಾರ ಮುಗಿದ ಮೇಲೆ ಎಲ್ಲರೂ ಒಂದೇ ಮನೆಯಲ್ಲಿ ಉಳಿಯುತ್ತಾರೆ. ಪಾತ್ರೆ ತೊಳೆಯುತ್ತ ಹಳೆಯ ಹಾಡಿಗೆ ಹೆಜ್ಜೆ ಹಾಕುತ್ತಾರೆ, ತಮ್ಮ ವಿಶ್ವವಿದ್ಯಾಲಯದ ಫುಟ್‌ಬಾಲ್ ಪಂದ್ಯವನ್ನು ದೂರದರ್ಶನದಲ್ಲಿ ನೋಡುತ್ತಾರೆ, ವಿರಾಮದಲ್ಲಿ ಹೊರಗೆ ಬಂದು ತಾವೂ ಚೆಂಡಾಡಿ ಏದುಸಿರು ಬಿಡುತ್ತಾರೆ. ನಗುವಿನ ನಡುನಡುವೆ ಒಂದೇ ಪ್ರಶ್ನೆ ಮತ್ತೆ ಮತ್ತೆ ತಲೆಯೆತ್ತುತ್ತದೆ: ಅವನು ಏಕೆ ಹೀಗೆ ಮಾಡಿಕೊಂಡ, ಆ ಹೊತ್ತಿನಲ್ಲಿ ನಾವೆಲ್ಲಿದ್ದೆವು?

ಉತ್ತರ ಸಿಗುವುದಿಲ್ಲ. ಈ ಚಿತ್ರದ ಹಿರಿಮೆ ನಮಗೆ ಕಂಡದ್ದು ಇಲ್ಲೇ. ಅಲೆಕ್ಸನ ಪಾತ್ರಕ್ಕೆ ಕೆವಿನ್ ಕಾಸ್ಟ್‌ನರ್ ಎಂಬ ಹೊಸ ನಟನನ್ನು ಆರಿಸಿ, ಗೆಳೆಯರ ಕಾಲೇಜು ದಿನಗಳ ದೃಶ್ಯಗಳನ್ನು ಚಿತ್ರೀಕರಿಸಿದ್ದೂ ಆಗಿತ್ತು. ಸಂಕಲನದ ಮೇಜಿನ ಮೇಲೆ ಕ್ಯಾಸ್ಡನ್ ಅವನ್ನೆಲ್ಲ ಕತ್ತರಿಸಿ ತೆಗೆದರು. ಈಗ ತೆರೆಯ ಮೇಲೆ ಉಳಿದಿರುವುದು, ಮೊದಲಲ್ಲಿ ಶವಕ್ಕೆ ಬಟ್ಟೆ ತೊಡಿಸುವಾಗ ಕಾಣುವ ಕೈಕಾಲುಗಳ ತುಣುಕು ಮಾತ್ರ. ಮುಖವೇ ಇಲ್ಲ. ಸತ್ತವನನ್ನು ಪ್ರೇಕ್ಷಕರಿಗೆ ತೋರಿಸಿಬಿಟ್ಟಿದ್ದರೆ ಅವನ ಬಗ್ಗೆ ಒಂದು ತೀರ್ಮಾನಕ್ಕೆ ಬಂದು ಎದ್ದುಹೋಗಬಹುದಿತ್ತು. ತೋರಿಸದೆ ಇದ್ದುದರಿಂದ ಗೆಳೆಯರ ಹಾಗೆ ನಾವೂ ಊಹಿಸುತ್ತಲೇ ಇರಬೇಕಾಯಿತು. ಕತ್ತರಿಗೆ ಬಲಿಯಾದ ನಟನಿಗೆ ಕ್ಯಾಸ್ಡನ್ 1985ರ 'ಸಿಲ್ವರಾಡೊ' ಚಿತ್ರದಲ್ಲಿ ಒಳ್ಳೆಯ ಪಾತ್ರ ಕೊಟ್ಟರು. ಮುಂದೆ ಆತ ಹಾಲಿವುಡ್ಡಿನ ದೊಡ್ಡ ತಾರೆಯಾದದ್ದು ಎಲ್ಲರಿಗೂ ತಿಳಿದದ್ದೇ.

ಚಿತ್ರ ಅಮೆರಿಕದಲ್ಲೇ ಐದು ಕೋಟಿ ಡಾಲರಿಗೂ ಮೀರಿ ಗಳಿಸಿತು. ಶ್ರೇಷ್ಠ ಚಿತ್ರವೂ ಸೇರಿದಂತೆ ಮೂರು ಆಸ್ಕರುಗಳಿಗೆ ಸ್ಪರ್ಧಿಸಿ ಒಂದನ್ನೂ ಪಡೆಯಲಿಲ್ಲ. ಸೇಲ್ಸ್‌ರ ಬಡ ಚಿತ್ರವನ್ನು ಇದು ಹೋಲುತ್ತದೆಂದು ವಿಮರ್ಶಕರು ಆಗಲೂ ಹೇಳಿದರು, ಈಗಲೂ ಹೇಳುತ್ತಾರೆ. ಹೋಲಿಕೆ ಇರುವುದು ನಿಜ. ಆದರೆ ಸೇಲ್ಸ್‌ರ ಗೆಳೆಯರು ಆದರ್ಶವನ್ನು ಬಿಟ್ಟುಕೊಡದೆ ಬಡವರಾಗಿ ಉಳಿದವರು. ಕ್ಯಾಸ್ಡನ್ನರ ಗೆಳೆಯರು ಬಿಟ್ಟುಕೊಟ್ಟು ಶ್ರೀಮಂತರಾದವರು. ಅದಕ್ಕೇ ಇಲ್ಲಿ ಸಾವು ಬೇಕಾಯಿತೇನೋ.

ಇಂಗ್ಲೆಂಡಿನಲ್ಲಿ ಇದೇ ಅಚ್ಚಿನಲ್ಲಿ ಬಂದದ್ದು ಕೆನೆತ್ ಬ್ರಾನಾ ನಿರ್ದೇಶಿಸಿದ 'ಪೀಟರ್ಸ್ ಫ್ರೆಂಡ್ಸ್' (1992). ಕಾಲೇಜಿನಲ್ಲಿ ವಿನೋದ ನಾಟಕವಾಡಿದ ತಂಡ ಹತ್ತು ವರ್ಷಗಳ ನಂತರ ಹೊಸ ವರ್ಷದ ಮುನ್ನಾದಿನ ಪೀಟರನ ದೊಡ್ಡ ಬಂಗಲೆಯಲ್ಲಿ ಸೇರುತ್ತದೆ. ಇದರಲ್ಲಿ ನಟಿಸಿದ ಸ್ಟೀಫನ್ ಫ್ರೈ, ಹ್ಯೂ ಲಾರಿ, ಎಮ್ಮಾ ಥಾಮ್ಸನ್, ಟೋನಿ ಸ್ಲಾಟರಿ ಇವರೆಲ್ಲ ನಿಜಜೀವನದಲ್ಲೂ ಕೇಂಬ್ರಿಜ್ಜಿನ 'ಫುಟ್‌ಲೈಟ್ಸ್' ಎಂಬ ವಿದ್ಯಾರ್ಥಿ ನಾಟಕ ಸಂಘದ ಗೆಳೆಯರು. 1981ರಲ್ಲಿ ಎಡಿನ್‌ಬರೋ ಉತ್ಸವದಲ್ಲಿ ಮೊಟ್ಟಮೊದಲ ಪೆರಿಯೇ ಹಾಸ್ಯ ಪ್ರಶಸ್ತಿ ಗೆದ್ದವರು. ಹೀಗಾಗಿ ಅವರ ಪರಸ್ಪರ ಚೇಷ್ಟೆಗಳಲ್ಲಿ ಅಭಿನಯವೆಷ್ಟು ನಿಜವೆಷ್ಟು ಎಂದು ಬೇರ್ಪಡಿಸುವುದು ಕಷ್ಟ. ಕೊನೆಯಲ್ಲಿ ಪೀಟರ್ ತನಗೆ ಎಚ್‌ಐವಿ ಸೋಂಕಿದೆ ಎಂದು ಹೇಳುತ್ತಾನೆ. ಇಂದಿನ ಪ್ರೇಕ್ಷಕರಿಗೆ ಆ ಮಾತಿನ ಭಾರ ಅಷ್ಟಾಗಿ ತಟ್ಟಲಿಕ್ಕಿಲ್ಲ. ಆ ರೋಗವನ್ನು ಹತೋಟಿಯಲ್ಲಿಡುವ ಸಂಯುಕ್ತ ಔಷಧಗಳು ಬಳಕೆಗೆ ಬಂದದ್ದು 1996ರ ಸುಮಾರಿಗೆ. 1992ರಲ್ಲಿ ಆ ಮಾತು ಹೇಳಿದವನು ತನ್ನ ಮರಣವನ್ನೇ ಸಾರಿದ ಹಾಗೆ. ಇನ್ನುಳಿದಂತೆ ಈ ಚಿತ್ರದಲ್ಲಿ ಕಥೆಗಿಂತ ನಟರ ಸಹವಾಸವೇ ಹೆಚ್ಚು ರುಚಿ.

ನಮ್ಮ ದೇಶಕ್ಕೆ ಬರೋಣ. ನಮ್ಮಲ್ಲಿ ಕಾಲೇಜು ಮುಗಿದ ಮೇಲೆ ಮತ್ತೆ ಸೇರುವ ಪದ್ಧತಿ ಹಿಂದೆ ಅಷ್ಟಾಗಿ ಇರಲಿಲ್ಲ. ಕೊನೆಯ ದಿನ ಪ್ರಿನ್ಸಿಪಾಲರನ್ನು ನಡುವೆ ಕೂರಿಸಿಕೊಂಡು ಒಂದು ಗುಂಪುಚಿತ್ರ ತೆಗೆಸಿಕೊಂಡರೆ ಮುಗಿಯಿತು. ನಮ್ಮ ಬಿ.ಎಸ್ಸಿ. ತರಗತಿಯ ಗುಂಪುಚಿತ್ರ ಇಂದಿಗೂ ಮನೆಯಲ್ಲಿದೆ. ಹಿಂದಿನ ಸಾಲಿನವರಲ್ಲಿ ಯಾರು ಯಾವ ಊರಿನಲ್ಲಿದ್ದಾರೆಂದು ಕೇಳಿದರೆ ಅರ್ಧಕ್ಕರ್ಧ ಜನರ ವಿಷಯದಲ್ಲಿ ಉತ್ತರವಿಲ್ಲ. ಊರು ಬಿಟ್ಟು ಬಂದು ಈ ಮಹಾನಗರಗಳಲ್ಲಿ ನೆಲೆಸಿದ ಕನ್ನಡ ಕುಟುಂಬಗಳಲ್ಲಿ ಬಹುಪಾಲಿನ ಪಾಡು ಇದೇ ಇದ್ದೀತು. ಮೊಬೈಲ್ ದೂರವಾಣಿ ಬಂದ ಮೇಲೆ ಹಳೆಯ ಗೆಳೆಯರ ಗುಂಪುಗಳು ಮತ್ತೆ ಕಟ್ಟಿಕೊಂಡಿವೆಯೆಂಬುದು ಬೇರೆ ಮಾತು.

ಮರುಭೇಟಿಯ ಕಥೆಯನ್ನು ಭಾರತದಲ್ಲಿ ಚೆನ್ನಾಗಿ ಬಳಸಿಕೊಂಡ ಚಿತ್ರಗಳಲ್ಲಿ ಮಲೆಯಾಳದ 'ಕ್ಲಾಸ್‌ಮೇಟ್ಸ್' (2006) ಒಂದು. ಲಾಲ್ ಜೋಸ್ ನಿರ್ದೇಶಿಸಿದ ಈ ಚಿತ್ರದ ಹಿನ್ನೆಲೆ 1817ರಲ್ಲಿ ಸ್ಥಾಪನೆಯಾದ ಕೊಟ್ಟಾಯಮ್ಮಿನ ಸಿ.ಎಂ.ಎಸ್. ಕಾಲೇಜು. ಇಲ್ಲಿಯೂ ಸತ್ತವನೊಬ್ಬನಿದ್ದಾನೆ, ಹಾಡುಗಾರ ಮುರಳಿ. ಅವನ ನೆನಪಿಗಾಗಿಯೇ ಎಲ್ಲರೂ ಕೂಡುವುದು. ಕೇರಳವಾದ್ದರಿಂದ ಕಾಲೇಜು ಚುನಾವಣೆ, ಪಕ್ಷರಾಜಕೀಯ, ಮುಷ್ಕರ ಇವುಗಳಿಗೆ ಕೊರತೆಯಿಲ್ಲ. ಈ ದೃಷ್ಟಿಯಿಂದ ಅದು ಅಮೆರಿಕದ ಚಿತ್ರಗಳಿಗೆ ಹತ್ತಿರದ್ದು. ಆದರೆ ಅದು ನಗೆಗಿಂತ ಹೆಚ್ಚಾಗಿ ಪತ್ತೇದಾರಿಯ ಕಡೆಗೆ ವಾಲುತ್ತದೆಯಾದ್ದರಿಂದ ಇಲ್ಲಿಗೇ ಬಿಡುತ್ತೇವೆ.

ನಗೆಯೇ ಮುಖ್ಯವಾಗಿ, ದೇಶದ ಮೂಲೆಮೂಲೆಗೆ ತಲುಪಿದ್ದು 2009ರ ಡಿಸೆಂಬರ್ 25ರಂದು ಬಿಡುಗಡೆಯಾದ 'ಥ್ರೀ ಈಡಿಯಟ್ಸ್'. ಚೇತನ್ ಭಗತ್ ಅವರ 2004ರ ಕಾದಂಬರಿಯೊಂದರ ಎಳೆ ಹಿಡಿದು ರಾಜಕುಮಾರ್ ಹಿರಾನಿ ಮತ್ತು ಅಭಿಜಾತ್ ಜೋಶಿ ಚಿತ್ರಕಥೆ ರಚಿಸಿದರು. ಭಾರತದೊಳಗೇ ಇನ್ನೂರು ಕೋಟಿ ರೂಪಾಯಿ ದಾಟಿದ ಮೊದಲ ಚಿತ್ರವೆಂಬ ಕೀರ್ತಿ ಇದರದು. ತಮಿಳಿನಲ್ಲಿ ಶಂಕರ್ ಇದನ್ನೇ 'ನಣ್ಬನ್' (2012) ಎಂದು ಮಾಡಿದರು.

ಚಿತ್ರದ ಕಾಲೇಜು ದೆಹಲಿಯಲ್ಲಿದೆಯೆಂದು ಕಥೆ ಹೇಳುತ್ತದೆ. ನಿಜವಾಗಿ ನಾವು ನೋಡುವುದು ಬೆಂಗಳೂರಿನ ಬನ್ನೇರುಘಟ್ಟ ರಸ್ತೆಯ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಮ್ಯಾನೇಜ್‌ಮೆಂಟ್! ಬೂದುಬಣ್ಣದ ಕಗ್ಗಲ್ಲಿನ ಗೋಡೆಗಳು, ಬಳ್ಳಿ ಹಬ್ಬಿದ ಉದ್ದನೆಯ ಪಡಸಾಲೆಗಳು, ನೆಲದ ಮೇಲೆ ಬಿಸಿಲು ನೆರಳಿನ ಪಟ್ಟೆ ಹಾಸುವ ತೆರೆದ ಮಾಡುಗಳು, ಇವುಗಳನ್ನು ಬೆಂಗಳೂರಿನವರು ಕಂಡೊಡನೆ ಗುರುತಿಸುತ್ತಾರೆ. 1973ರಲ್ಲಿ ಆರಂಭವಾದ ಈ ಸಂಸ್ಥೆಯ ಆವರಣವನ್ನು ವಿನ್ಯಾಸ ಮಾಡಿದವರು ಬಾಲಕೃಷ್ಣ ದೋಶಿ. ಫತೇಪುರ ಸಿಕ್ರಿಯ ಅಂಗಳಗಳಿಂದ ಸ್ಫೂರ್ತಿ ಪಡೆದು, ಪಾಠದ ಕೋಣೆಗಿಂತ ಓಡಾಡುವ ದಾರಿಗಳಲ್ಲೇ ಹುಡುಗರು ಎದುರಾಗಿ ಮಾತಿಗೆ ನಿಲ್ಲುವಂತೆ ಅವರು ಅದನ್ನು ಕಟ್ಟಿದರು. 2018ರಲ್ಲಿ ಜಗತ್ತಿನ ಅತಿ ದೊಡ್ಡ ವಾಸ್ತುಶಿಲ್ಪ ಪ್ರಶಸ್ತಿಯಾದ ಪ್ರಿಟ್ಜ್‌ಕರ್ ಪಡೆದ ಮೊದಲ ಭಾರತೀಯರೂ ಅವರೇ. 2023ರ ಜನವರಿಯಲ್ಲಿ ತೀರಿಕೊಂಡರು. ಗೆಳೆತನದ ಚಿತ್ರಕ್ಕೆ ಇದಕ್ಕಿಂತ ತಕ್ಕ ಜಾಗ ಸಿಕ್ಕುವುದು ಅಪರೂಪ.

ಕಥೆಯಲ್ಲಿ ಹತ್ತು ವರ್ಷಗಳ ಹಿಂದೆ ಸೆಪ್ಟೆಂಬರ್ 5ರಂದು ಕಟ್ಟಿದ ಒಂದು ಪಂಥವಿದೆ. ಅದನ್ನು ನೆನಪಿಟ್ಟುಕೊಂಡು ಅಮೆರಿಕದಲ್ಲಿ ಮೇಲೇರಿದ ಚತುರ್ ರಾಮಲಿಂಗಮ್ ಉಳಿದಿಬ್ಬರನ್ನು ಕರೆಸುತ್ತಾನೆ. ಒಬ್ಬನು ಮೇಲೇರಿದ ವಿಮಾನವನ್ನೇ ಕಾಯಿಲೆಯ ನಟನೆಯಿಂದ ಇಳಿಸಿ ಓಡಿ ಬರುತ್ತಾನೆ, ಇನ್ನೊಬ್ಬನು ಷರಾಯಿ ಮರೆತು ಬರುತ್ತಾನೆ. ಬಾರದವನು ರಾಂಚೋ. ಅವನನ್ನು ಹುಡುಕಿಕೊಂಡು ಶಿಮ್ಲಾಕ್ಕೆ, ಅಲ್ಲಿಂದ ಲಡಾಖಿಗೆ ಹೋಗುವುದೇ ಕಥೆ. ಶಿಮ್ಲಾದಲ್ಲಿ ತಿಳಿಯುತ್ತದೆ, ತಾವು ಕಂಡ ರಾಂಚೋ ಆ ಹೆಸರಿನವನೇ ಅಲ್ಲ. ಧಣಿಯ ಮಗನ ಹೆಸರಿನಲ್ಲಿ ಓದಿ, ಪದವಿಪತ್ರವನ್ನು ಧಣಿಗೆ ಒಪ್ಪಿಸಿ ಮಾಯವಾದ ಮಾಲಿಯ ಮನೆಯ ಹುಡುಗ. ನಾಲ್ಕು ವರ್ಷ ಒಂದೇ ಕೋಣೆಯಲ್ಲಿದ್ದವರಿಗೆ ಗೆಳೆಯನ ಹೆಸರೇ ಗೊತ್ತಿರಲಿಲ್ಲ. ಅಲೆಕ್ಸನ ಗೆಳೆಯರಿಗೂ ಅಲೆಕ್ಸ್ ಗೊತ್ತಿರಲಿಲ್ಲ. ಕ್ಯಾಸ್ಡನ್ ಕಳೆದುಹೋದವನನ್ನು ಪೂರ್ತಿ ಕತ್ತರಿಸಿದರೆ ಹಿರಾನಿ ಅವನನ್ನೇ ನಾಯಕನನ್ನಾಗಿ ಮಾಡಿ ಮೂರು ಗಂಟೆ ತೋರಿಸಿದರು. ಕೊನೆಗೆ ಪಾಂಗಾಂಗ್ ಸರೋವರದ ದಂಡೆಯಲ್ಲಿ ಜೀವಂತ ಒಪ್ಪಿಸಿಯೂಬಿಟ್ಟರು. ನಮ್ಮ ಪ್ರೇಕ್ಷಕರು ಟಿಕೇಟಿಗೆ ಕೊಟ್ಟ ಹಣಕ್ಕೆ ಗೆಳೆಯ ಸಿಗಲೇಬೇಕು.

ಆದರೆ ಸಾವು ಈ ಚಿತ್ರದಲ್ಲೂ ಇದೆ. ಜಾಯ್ ಲೋಬೊ ಎಂಬ ವಿದ್ಯಾರ್ಥಿ ತಾನು ಮಾಡುತ್ತಿದ್ದ ಹಾರುವ ಯಂತ್ರ ಮುಗಿಸಲು ಸಮಯ ಬೇಡುತ್ತಾನೆ, ನಿರ್ದೇಶಕರು ಕೊಡುವುದಿಲ್ಲ. ಗೆಳೆಯರು ಆ ಯಂತ್ರವನ್ನು ದುರಸ್ತಿ ಮಾಡಿ ಅವನ ಕಿಟಕಿಯತ್ತ ಹಾರಿಸಿದಾಗ ಅದರ ಕ್ಯಾಮೆರಾದಲ್ಲಿ ಕಾಣುವುದು ಅವನ ಶವ. ಮುಂದೆ ಬಡ ಮನೆಯ ರಾಜುವೂ ಕಿಟಕಿಯಿಂದ ಹಾರುತ್ತಾನೆ, ಬದುಕುತ್ತಾನೆ. ಇಲ್ಲಿ ಕೊಲ್ಲುವುದು ಯುದ್ಧವಲ್ಲ, ಆದರ್ಶಭಂಗವಲ್ಲ. ಪರೀಕ್ಷೆ. ಅಮೆರಿಕದ ಗೆಳೆಯರು ಕಾಲೇಜನ್ನು ಸ್ವರ್ಗವೆಂದು ನೆನೆದು, ಆಮೇಲಿನ ಜೀವನವನ್ನು ಪತನವೆಂದುಕೊಂಡರು. ನಮ್ಮಲ್ಲಿ ಅದು ತಿರುಗುಮುರುಗು; ಅಪಾಯವಿರುವುದು ಕಾಲೇಜಿನೊಳಗೆ, ಅದಕ್ಕೂ ಮೊದಲು ಕಾಲೇಜಿನ ಬಾಗಿಲಿನಲ್ಲಿ.

ಚಿತ್ರದಲ್ಲಿ ಬರುವ ಸ್ಕೂಟರಿನಿಂದ ತಿರುಗುವ ಹಿಟ್ಟಿನ ಗಿರಣಿ, ಸೈಕಲ್ ತುಳಿದು ಬಟ್ಟೆ ಒಗೆಯುವ ಯಂತ್ರ, ಸೈಕಲ್ಲಿನಿಂದಲೇ ಕುದುರೆಯ ಕೂದಲು ಕತ್ತರಿಸುವ ಸಾಧನ ಇವೆಲ್ಲ ಕಲ್ಪನೆಯವಲ್ಲ. ಮಹಾರಾಷ್ಟ್ರದ ಜಹಾಂಗೀರ್ ಪೇಂಟರ್, ಕೇರಳದ ರೆಮ್ಯಾ ಜೋಸ್, ಉತ್ತರ ಪ್ರದೇಶದ ಮೊಹಮ್ಮದ್ ಇದ್ರಿಸ್ ಎಂಬ ಸಾಮಾನ್ಯ ಜನರು ಕಂಡುಹಿಡಿದವು. ದೊಡ್ಡ ಕಾಲೇಜಿನ ಕಥೆಯೊಳಗೆ ಕಾಲೇಜಿನ ಹಂಗಿಲ್ಲದವರ ಬುದ್ಧಿಯನ್ನು ತಂದಿಟ್ಟದ್ದು ಮೆಚ್ಚತಕ್ಕ ಮಾತು.

ಮೆಚ್ಚಲಾಗದ್ದೂ ಒಂದಿದೆ. ಚತುರನ ಭಾಷಣದ ಪ್ರಸಂಗಕ್ಕೆ ಚಿತ್ರಮಂದಿರವೆಲ್ಲ ಬಿದ್ದು ಬಿದ್ದು ನಕ್ಕಿತು. ಅವನು ಉಗಾಂಡದಲ್ಲಿ ಹುಟ್ಟಿ ಪಾಂಡಿಚೇರಿಯಲ್ಲಿ ಓದಿದವನು. ಹಿಂದಿ ಬಾರದೆ ಉರುಹೊಡೆದು ಸಭೆಯಲ್ಲಿ ಒಪ್ಪಿಸುತ್ತಾನೆ. ಗೆಳೆಯರು ಕದ್ದು ಅದರಲ್ಲಿ ಒಂದು ಪದ ಬದಲಿಸಿ, ಅತ್ಯಾಚಾರವೆಂಬ ಅರ್ಥದ ಮಾತನ್ನು ಅವನ ಬಾಯಲ್ಲಿ ಮತ್ತೆ ಮತ್ತೆ ಆಡಿಸುತ್ತಾರೆ. ಅಂಥ ಮಾತು ನಗೆಯ ವಸ್ತುವಾಗಬಾರದೆಂಬುದು ಒಂದು. ಇನ್ನೊಂದು, ಕೇಂದ್ರ ಸರಕಾರದ ಕಚೇರಿಗಳಲ್ಲಿ ಪ್ರಬೋಧ, ಪ್ರವೀಣ, ಪ್ರಾಜ್ಞ ಎಂದು ನಡುವಯಸ್ಸಿನಲ್ಲಿ ಹಿಂದಿ ಪರೀಕ್ಷೆಗೆ ಕುಳಿತ ದಕ್ಷಿಣದವರಿಗೆ, ಲಿಂಗ ತಪ್ಪಿತೆಂದು ನಗಿಸಿಕೊಂಡವರಿಗೆ, ಭಾಷೆ ಬಾರದವನನ್ನು ವೇದಿಕೆಯ ಮೇಲೆ ನಿಲ್ಲಿಸಿ ಹರಾಜು ಹಾಕುವ ಆ ದೃಶ್ಯದಲ್ಲಿ ಯಾರ ಪಕ್ಷ ವಹಿಸಬೇಕೆಂಬುದು ಸುಲಭವಲ್ಲ. ಚತುರ್ ಒಳ್ಳೆಯವನಲ್ಲ, ನಿಜ. ಆದರೂ ಆ ಹತ್ತು ನಿಮಿಷ ನಾವು ಅವನ ಕಡೆಯವರೇ ಆಗಿದ್ದೆವು.

ಹತ್ತು ವರ್ಷ ಕಳೆದು 2019ರ ಸೆಪ್ಟೆಂಬರ್ 6ರಂದು 'ಛಿಛೋರೆ' ಬಂದಿತು. ನಿರ್ದೇಶಕ ನಿತೇಶ್ ತಿವಾರಿ ಮುಂಬಯಿಯ ಐಐಟಿಯಲ್ಲಿ ಓದಿದವರು. ಪೊವಾಯಿಯ ಆ ಆವರಣದಲ್ಲೇ ಚಿತ್ರೀಕರಿಸಿದರು. ಹಾಸ್ಟೆಲ್ ಜೀವನದ ಬಗ್ಗೆ ನಮ್ಮಲ್ಲಿ ಬಂದ ಚಿತ್ರಗಳಲ್ಲಿ ಇದಕ್ಕಿಂತ ಸಹಜವಾದದ್ದು ನಮಗೆ ನೆನಪಿಲ್ಲ. ತಂದೆತಾಯಿ ಇಟ್ಟ ಹೆಸರನ್ನು ಯಾರೂ ಕೇಳುವುದಿಲ್ಲ. ಮನೆಯ ನೆನಪಿನಲ್ಲಿ ಅಳುವವನು 'ಮಮ್ಮಿ', ಬೈಗುಳದಲ್ಲಿ ನಿಪುಣನು 'ಆಸಿಡ್'. ಊಟ ಕೆಟ್ಟದ್ದು, ಗೋಡೆ ಸುಣ್ಣ ಕಾಣದ್ದು. ಹಾಸ್ಟೆಲುಗಳ ನಡುವಿನ ಆಟೋಟಗಳ ಪಂದ್ಯದಲ್ಲಿ ನಾಲ್ಕನೆಯ ಹಾಸ್ಟೆಲು ಸೋಲುವುದಕ್ಕೇ ಹೆಸರಾದದ್ದು.

ವರ್ಷಗಳ ನಂತರ ಇವರು ಸೇರುವುದು ಬಂಗಲೆಯಲ್ಲಲ್ಲ, ಆಸ್ಪತ್ರೆಯಲ್ಲಿ. ಅವರಲ್ಲೊಬ್ಬನ ಮಗ ಐಐಟಿ ಪ್ರವೇಶ ಪರೀಕ್ಷೆಯಲ್ಲಿ ಹೆಸರು ಬಾರದೆ ಮಹಡಿಯಿಂದ ಹಾರಿದ್ದಾನೆ. ಪ್ರಜ್ಞೆ ಬಂದರೂ ಬದುಕುವ ಮನಸ್ಸಿಲ್ಲ. ಗೆದ್ದ ತಂದೆತಾಯಿಯ ಮಗ ಸೋತವನಾದೆನೆಂಬುದು ಅವನ ಸಂಕಟ. ಆಗ ತಂದೆ ಹಾಸಿಗೆಯ ಪಕ್ಕ ಕುಳಿತು, ಒಂದು ಕಾಲದಲ್ಲಿ ತಾವೆಲ್ಲ ಎಂಥ ಸೋಲುಗುಳಿಗಳಾಗಿದ್ದೆವೆಂಬ ಕಥೆಯನ್ನು ಹೇಳತೊಡಗುತ್ತಾನೆ. ಹುಡುಗ ನಂಬುವುದಿಲ್ಲ. ಸಾಕ್ಷಿಗೆಂದು ಒಬ್ಬೊಬ್ಬರಾಗಿ ಗೆಳೆಯರು ಬರುತ್ತಾರೆ. ಪಂದ್ಯದ ಕೊನೆಯಲ್ಲಿ ನಾಲ್ಕನೆಯ ಹಾಸ್ಟೆಲು ಗೆಲ್ಲುತ್ತದೆಂದು ಪ್ರೇಕ್ಷಕರೂ ಆ ಹುಡುಗನೂ ಒಟ್ಟಿಗೆ ಕಾದಿರುತ್ತಾರೆ. ಅದು ಸೋಲುತ್ತದೆ. ಮಗ ಪಾಸಾದರೆ ಏನು ಮಾಡಬೇಕೆಂದು ತಾನು ಮೊದಲೇ ಎಲ್ಲ ಹೇಳಿದ್ದೆ, ಆಗದಿದ್ದರೆ ಏನೆಂಬುದನ್ನು ಒಮ್ಮೆಯೂ ಹೇಳಿರಲಿಲ್ಲವೆಂದು ತಂದೆ ಪಶ್ಚಾತ್ತಾಪ ಪಡುವ ದೃಶ್ಯದಲ್ಲಿ ಚಿತ್ರಮಂದಿರದ ತಂದೆಗಳು ಪಕ್ಕದಲ್ಲಿ ಕುಳಿತ ಮಕ್ಕಳ ಕಡೆ ತಿರುಗಿ ನೋಡುವುದನ್ನು ನಾವು ಕಣ್ಣಾರೆ ಕಂಡಿದ್ದೇವೆ.

ಇದು ಸುಮ್ಮನೆ ಕಟ್ಟಿದ ಕಥೆಯಲ್ಲ. ಈಚಿನ ವರ್ಷಗಳಲ್ಲಿ ಜೆಇಇ ಮೊದಲ ಪರೀಕ್ಷೆಗೆ ಕೂರುವವರು ಹತ್ತು ಲಕ್ಷಕ್ಕೂ ಹೆಚ್ಚು. ದೇಶದ 23 ಐಐಟಿಗಳಲ್ಲಿ 2024ರಲ್ಲಿದ್ದ ಸ್ಥಾನಗಳು 18,000ಕ್ಕೂ ಕಡಿಮೆ. ರಾಷ್ಟ್ರೀಯ ಅಪರಾಧ ದಾಖಲೆ ವಿಭಾಗದ ಲೆಕ್ಕದಂತೆ 2021ರಲ್ಲಿ ಆತ್ಮಹತ್ಯೆ ಮಾಡಿಕೊಂಡ ವಿದ್ಯಾರ್ಥಿಗಳು 13,000ಕ್ಕೂ ಮೀರಿ. ಎಲ್ಲರೂ ಪರೀಕ್ಷೆಯಿಂದಲೇ ಸತ್ತವರಲ್ಲ. ಆದರೂ ಈ ಅಂಕಿಯನ್ನು ಓದಿದ ಮೇಲೆ ಮಗುವಿನ ಅಂಕಪಟ್ಟಿ ನೋಡುವ ರೀತಿ ಬದಲಾಗದೆ ಇರದು. ಅದರಲ್ಲೂ ನಾವು, ಊರಿನಲ್ಲಿ ಹೊಲವನ್ನೋ ಮನೆಯನ್ನೋ ಅಣ್ಣತಮ್ಮಂದಿರಿಗೆ ಬಿಟ್ಟು, ಸಂಬಳವೊಂದನ್ನೇ ನಂಬಿ ಪರಸ್ಥಳಕ್ಕೆ ಬಂದವರು. ಮಕ್ಕಳಿಗೆ ಕೊಡಲು ನಮ್ಮಲ್ಲಿರುವ ಆಸ್ತಿ ಓದೊಂದೇ. ಅದಕ್ಕೇ ಆ ಓದಿನ ಭಾರ ನಮ್ಮ ಮನೆಗಳಲ್ಲಿ ತುಸು ಹೆಚ್ಚು.

'ಛಿಛೋರೆ'ಗೆ 2021ರಲ್ಲಿ ಶ್ರೇಷ್ಠ ಹಿಂದಿ ಚಿತ್ರದ ರಾಷ್ಟ್ರಪ್ರಶಸ್ತಿ ಘೋಷಣೆಯಾಯಿತು. ಮಗನಿಗೆ ಬದುಕುವ ಧೈರ್ಯ ತುಂಬಿದ ತಂದೆಯ ಪಾತ್ರ ವಹಿಸಿದ್ದ ಸುಶಾಂತ್ ಸಿಂಗ್ ರಾಜ್‌ಪೂತ್ ಅಷ್ಟರಲ್ಲಿ ಇರಲಿಲ್ಲ. 2020ರ ಜೂನ್ 14ರಂದು ಮುಂಬಯಿಯ ತಮ್ಮ ಮನೆಯಲ್ಲಿ ಮೂವತ್ತನಾಲ್ಕನೆಯ ವಯಸ್ಸಿಗೆ ಅವರು ಅಗಲಿದರು. ಅವರೂ ದೆಹಲಿಯ ಇಂಜಿನಿಯರಿಂಗ್ ಕಾಲೇಜನ್ನು ಅರ್ಧಕ್ಕೆ ಬಿಟ್ಟು ನಾಟಕ, ಸಿನಿಮಾಗಳ ಕಡೆ ಬಂದವರು. ಆ ದಿನದ ನಂತರ ಈ ಚಿತ್ರವನ್ನು ಮೊದಲಿನಂತೆ ನೋಡುವುದು ಯಾರಿಗೂ ಸಾಧ್ಯವಾಗಿರಲಿಕ್ಕಿಲ್ಲ.

ಈ ಚಿತ್ರಗಳಲ್ಲಿ ಯಾವುದನ್ನು ಮನೆಮಂದಿಯೊಡನೆ ನೋಡಬಹುದೆಂದು ಕೇಳುವವರಿಗೆ ಒಂದೆರಡು ಮಾತು. 'ದಿ ಬಿಗ್ ಚಿಲ್', 'ಪೀಟರ್ಸ್ ಫ್ರೆಂಡ್ಸ್' ಎರಡೂ ದೊಡ್ಡವರಿಗೆ ಮಾತ್ರ. ಮಾದಕವಸ್ತು, ಹಾಸಿಗೆಯ ವ್ಯವಹಾರ ಧಾರಾಳವಾಗಿವೆ. ಸೇಲ್ಸ್‌ರ ಚಿತ್ರ ಮಕ್ಕಳಿಗೆ ಬೇಸರ ತರಿಸೀತು. 'ಥ್ರೀ ಈಡಿಯಟ್ಸ್' ಎಲ್ಲರೂ ನೋಡಿಯೇ ಇರುತ್ತಾರೆ. 'ಛಿಛೋರೆ'ಯಲ್ಲಿ ಹುಡುಗರ ಪೋಲಿಮಾತು ಉಂಟು. ಆದರೆ ಮನೆಯಲ್ಲಿ ಹತ್ತನೆಯ ಅಥವಾ ಹನ್ನೆರಡನೆಯ ತರಗತಿಯವರು ಇದ್ದರೆ, ಫಲಿತಾಂಶ ಬರುವುದಕ್ಕೆ ಮುಂಚೆ, ಪಕ್ಕದಲ್ಲೇ ಕುಳಿತು ಒಟ್ಟಿಗೆ ನೋಡಿರಿ.